ಬ್ರೇಕ್ ಫೇಲ್ ಅಂದರೆ, ಫೇಲ್ ಆಗಿದ್ದು ಏನು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಕಳಿಸಿದ ಒಂದು ಸುದ್ದಿ ನಾಲ್ಕೇ ಸಾಲಿನದು. ಘಾಟಿ ಇಳಿಯುತ್ತಿದ್ದ ಪಿಕಪ್ ಗಾಡಿ ತಿರುವಿನಲ್ಲಿ ಧರೆಗೆ ಗುದ್ದಿತ್ತು. ಚಾಲಕನ ಕೈ ಮುರಿದಿತ್ತು. ಜೀವ ಹೋಗಿರಲಿಲ್ಲ, ಹಾಗಾಗಿ ಪುಟದ ಕೆಳಮೂಲೆ ಸಿಕ್ಕಿತು. ‘ಬ್ರೇಕ್ ಫೇಲ್ ಆಗಿ ಚಾಲಕನ ನಿಯಂತ್ರಣ ತಪ್ಪಿ’ ಅಂತ ಶುರು ಮಾಡಿದ್ದೆ. ನಮ್ಮಂಥ ಸ್ಟ್ರಿಂಗರುಗಳ ಬೆರಳಿಗೆ ಅಂಟಿಕೊಂಡ ಸಾಲು ಅದು. ಯೋಚನೆ ಮಾಡದೆ ಟೈಪ್ ಆಗುತ್ತದೆ.

ಎರಡು ದಿನ ಬಿಟ್ಟು ಬೈಕಿನ ಕೆಲಸಕ್ಕೆ ಗ್ಯಾರೇಜಿಗೆ ಹೋದರೆ ಅದೇ ಪಿಕಪ್ ಅಲ್ಲಿ ನಿಂತಿತ್ತು. ಮೇಸ್ತ್ರಿ ನನ್ನನ್ನು ನೋಡಿದವರೇ ಕೇಳಿದರು.

“ಏನೋ ತಮ್ಮ, ಬ್ರೇಕ್ ಫೇಲ್ ಅಂತ ಬರ್ದಿದ್ದೀಯಲ್ಲ, ಫೇಲ್ ಆಗಿದ್ದು ಏನು?”

“ಬ್ರೇಕೇ ಅಲ್ವಾ ಅಣ್ಣ?”

“ಬ್ರೇಕ್ ಅಂದ್ರೆ ಒಂದು ಸಾಮಾನಾ? ಪೆಡ್ಲಿಂದ ಚಕ್ರದ ತನಕ ಹತ್ತು ಸಾಮಾನಿದೆ. ಅದ್ರಲ್ಲಿ ಯಾವ್ದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ತೋರಿಸಿದರು. ಪೈಪ್ ಒಡೆದಿಲ್ಲ. ಪ್ಯಾಡ್ ಸವೆದಿಲ್ಲ. ಎಲ್ಲೂ ಲೀಕ್ ಇಲ್ಲ. ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುತ್ತಿತ್ತು! ಇದೇ ಕಾರಣಕ್ಕೆ ಮಾಲೀಕ “ಬ್ರೇಕ್ ಸರಿ ಇದೆ, ಇವನೇ ನಿದ್ದೆ ಮಾಡಿದ್ದಾನೆ” ಅಂತ ಚಾಲಕನನ್ನು ಕೆಲಸದಿಂದ ತೆಗೆದಿದ್ದ. ಚಾಲಕ ಮಾತ್ರ ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದನಂತೆ: “ಪೆಡ್ಲು ಸ್ಪಂಜಿನ ಹಾಗೆ ಒಳಗೆ ಹೋಯ್ತು.” ಯಾರೂ ನಂಬಿರಲಿಲ್ಲ. ನಾನಂತೂ ಅವನನ್ನು ಕೇಳಿಯೇ ಇರಲಿಲ್ಲ.

ಮೇಸ್ತ್ರಿ ಮುಂದಿನ ಚಕ್ರದ ಹತ್ತಿರ ಕೂತು ಒಂದು ಸಣ್ಣ ನಿಪ್ಪಲ್ ಸಡಿಲಿಸಿದರು. ಡಿಕಾಕ್ಷನ್ನಿನಂಥ ಕಪ್ಪು ದ್ರವ ಬಂತು. “ಇದು ಕುದ್ದಿದೆ ಕಣೋ. ಕುದ್ದಾಗ ಬ್ರೇಕ್ ಇರಲ್ಲ. ಆರಿದ ಮೇಲೆ ಬ್ರೇಕ್ ಬರುತ್ತೆ. ಸಾಕ್ಷಿನೇ ಉಳಿಯಲ್ಲ,” ಅಂದರು.

ಸಾಕ್ಷಿ ಉಳಿಸದ ತಪ್ಪು. ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹುಡುಕಿಕೊಂಡು ಓದುತ್ತಾ ಹೋದೆ. ಓದು ನನ್ನನ್ನು ಘಾಟಿಯಿಂದ ಬಹಳ ದೂರ, ಇಂಗ್ಲೆಂಡ್ ಮತ್ತು ಫ್ರಾನ್ಸಿನ ಸ್ಪೋರ್ಟ್ಸ್ ಕಾರುಗಳ ತನಕ ಕರೆದುಕೊಂಡು ಹೋಯಿತು. ಇವತ್ತು ನಮ್ಮ ಕಾರು, ಬೈಕು, ಪಿಕಪ್‌ಗಳಲ್ಲಿ ಇರುವ ಡಿಸ್ಕ್ ಬ್ರೇಕ್ ತನ್ನ ಪಾಠಗಳನ್ನು ಕಲಿತಿದ್ದು ಅಲ್ಲೇ.

ಹಳೇ ಬೂಟಿನಿಂದ ಶುರು

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡು ಪ್ರದೇಶ. ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳು. ಅಲ್ಲಿನ ಗಾಡಿಯವರು ಇಳಿಜಾರಿನಲ್ಲಿ ಚಕ್ರಕ್ಕೆ ಒತ್ತುವ ಮರದ ಕಟ್ಟೆಗೆ ಹಳೇ ಬೂಟಿನ ಚರ್ಮ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಅದನ್ನು ನೋಡಿ ಹರ್ಬರ್ಟ್ ಫ್ರೂಡ್ ಎಂಬಾತನಿಗೆ ಬ್ರೇಕ್ ಲೈನಿಂಗ್ ಮಾಡುವ ಯೋಚನೆ ಬಂತು ಎಂಬ ಕಥೆ ಇದೆ. ಆತ 1897ರಲ್ಲಿ ಶುರು ಮಾಡಿದ ಉದ್ಯಮವೇ ಮುಂದೆ ಫೆರೋಡೊ ಆಯಿತು. ಬಟ್ಟೆಯ ಲೈನಿಂಗ್ ಹೋಗಿ ಕಲ್ನಾರು ಬಂತು. ಕಲ್ನಾರು ಶಾಖ ತಡೆಯುತ್ತಿತ್ತು, ಆದರೆ ಅದರ ಪುಡಿ ಕಾರ್ಮಿಕರ ಶ್ವಾಸಕೋಶ ಸೇರುತ್ತಿತ್ತು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಲು 1999ರ ತನಕ ಕಾಯಬೇಕಾಯಿತು.

ಡಿಸ್ಕ್ ಬ್ರೇಕಿನ ಯೋಚನೆಯೂ ಹಳೆಯದೇ. ಬರ್ಮಿಂಗ್‌ಹ್ಯಾಮಿನ ಫ್ರೆಡ್ರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಚಕ್ರದ ಜೊತೆ ತಿರುಗುವ ಒಂದು ತಟ್ಟೆ, ಅದನ್ನು ಎರಡೂ ಕಡೆಯಿಂದ ಚಿಮಟದ ಹಾಗೆ ಹಿಡಿಯುವ ದವಡೆ. ಈಗ ಕ್ಯಾಲಿಪರ್ ಅನ್ನುವುದು ಆ ದವಡೆಗೇ. ಆದರೆ ಲೋಹಕ್ಕೆ ಲೋಹ ಉಜ್ಜಿ ಕಿವಿ ಕಿತ್ತುಹೋಗುವ ಸದ್ದು. ಯೋಚನೆ ಮೂಲೆ ಸೇರಿತು. ಕಾರುಗಳೆಲ್ಲ ಡ್ರಮ್ ಬ್ರೇಕನ್ನೇ ಹಿಡಿದುಕೊಂಡವು.

ಮೊದಮೊದಲು ಪೆಡಲಿನಿಂದ ಚಕ್ರಕ್ಕೆ ಬಲ ಹೋಗುತ್ತಿದ್ದುದು ಸರಳು, ಕೇಬಲ್ಲುಗಳಿಂದ. ಒಂದು ಚಕ್ರಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗಿ ಗಾಡಿ ಒಂದೇ ಕಡೆ ಎಳೆಯುತ್ತಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಕೇಬಲ್ ಬಿಟ್ಟು ಪೈಪಿನೊಳಗೆ ದ್ರವ ತುಂಬಿಸಿದರು. ಮುಚ್ಚಿದ ಪೈಪಿನಲ್ಲಿ ದ್ರವವನ್ನು ಒಂದು ತುದಿಯಲ್ಲಿ ಒತ್ತಿದರೆ ಒತ್ತಡ ಎಲ್ಲ ತುದಿಗೂ ಸಮನಾಗಿ ಹೋಗುತ್ತದೆ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಂಪನಿಯ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. ಅದೇ ವರ್ಷ ಫ್ರಾನ್ಸಿನ ಲ ಮಾನ್ ಊರಿನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರೀ ರೇಸನ್ನು ಗೆದ್ದಿದ್ದೂ ಇಂಥ ಬ್ರೇಕಿನ ಡ್ಯೂಸೆನ್‌ಬರ್ಗ್ ಕಾರೇ.

ಇಡೀ ಏರ್ಪಾಡು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ದ್ರವ ಕುಗ್ಗುವುದಿಲ್ಲ. ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಒಂದು ಗುಳ್ಳೆ ಸೇರಿದರೂ ನಿಮ್ಮ ಕಾಲಿನ ಬಲದಲ್ಲಿ ಒಂದಷ್ಟು ಆ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚಾಗುತ್ತದೆ.

1953: ನಿಲ್ಲುವವನೇ ಗೆದ್ದ

ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನದ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದಿತ್ತು. ಯುದ್ಧ ಮುಗಿದ ಮೇಲೆ ಡನ್‌ಲಪ್ ಕಂಪನಿ ಅದನ್ನು ಕಾರಿಗೆ ಇಳಿಸಲು ಜಾಗ್ವಾರ್ ಜೊತೆ ಸೇರಿತು. ಪರೀಕ್ಷಾ ಚಾಲಕ ನಾರ್ಮನ್ ಡೂಯಿಸ್ ಓಡಿಸಿ ಓಡಿಸಿ ದೋಷ ಹುಡುಕುವ ಕೆಲಸಕ್ಕೆ ನಿಂತರು. ದೋಷಗಳು ಸಾಲುಸಾಲಾಗಿ ಬಂದವು. ತಿರುವಿನಲ್ಲಿ ಡಿಸ್ಕ್ ಸ್ವಲ್ಪ ಓಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳಿಬಿಡುತ್ತಿತ್ತು, ಮುಂದಿನ ಬಾರಿ ಪೆಡಲ್ ಒತ್ತಿದರೆ ಮೊದಲ ಒತ್ತು ಖಾಲಿ. ಶಾಖ ಏರಿ ಬ್ರೇಕ್ ದ್ರವ ಕುದಿಯುತ್ತಿತ್ತು. ನಮ್ಮ ಘಾಟಿಯ ಪಿಕಪ್ಪಿನ ಕಾಯಿಲೆ ಆಗಲೇ, ಬೇರೆ ದೇಶದಲ್ಲಿ, ದಾಖಲಾಗಿತ್ತು.

1952ರ ಜೂನ್ 29ರಂದು ಫ್ರಾನ್ಸಿನ ರ‍್ಯಾನ್ಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಓಡಿಸಿ ಗೆದ್ದರು. ಮರುವರ್ಷ ಜೂನ್‌ನಲ್ಲಿ ಲ ಮಾನ್‌ನ 24 ಗಂಟೆಗಳ ರೇಸಿಗೆ ಜಾಗ್ವಾರ್ ತನ್ನ ಕಾರುಗಳನ್ನು ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕಿ ತಂದಿತು.

ಲ ಮಾನ್ ಸುತ್ತು ಆಗ ಸುಮಾರು 13.5 ಕಿಲೋಮೀಟರ್. ಅದರಲ್ಲಿ ಸುಮಾರು 6 ಕಿಲೋಮೀಟರ್ ನೆಟ್ಟಗಿನ ರಸ್ತೆ. ಅದರ ಕೊನೆಯಲ್ಲಿ ಬಿಗಿ ತಿರುವು. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಟನ್ ತೂಕದ ಕಾರು ಗಂಟೆಗೆ 240 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿದರೆ, ಅಷ್ಟೂ ಶಕ್ತಿ ಶಾಖವಾಗಿ ಹೋಗಬೇಕು. ಆ ಶಾಖದಲ್ಲಿ ಆರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರಬಹುದು. ಕೆಲವೇ ಸೆಕೆಂಡುಗಳಲ್ಲಿ. ಹೀಗೆ ಪ್ರತಿ ನಾಲ್ಕೈದು ನಿಮಿಷಕ್ಕೊಮ್ಮೆ, ಹಗಲು ರಾತ್ರಿ.

ಡ್ರಮ್ ಬ್ರೇಕಿನಲ್ಲಿ ಈ ಶಾಖ ಮುಚ್ಚಿದ ಪಾತ್ರೆಯೊಳಗೆ ಕೂರುತ್ತದೆ. ಡ್ರಮ್ ಕಾದು ಹಿಗ್ಗಿದರೆ ಒಳಗಿನ ಶೂನಿಂದ ದೂರ ಸರಿಯುತ್ತದೆ, ಹಿಡಿತ ಸಡಿಲ. ಡಿಸ್ಕ್ ಹಾಗಲ್ಲ. ಗಾಳಿಗೆ ತೆರೆದುಕೊಂಡಿರುತ್ತದೆ, ಕಾದು ದಪ್ಪವಾದರೆ ಪ್ಯಾಡಿನ ಕಡೆಗೇ ಬರುತ್ತದೆ. ಹಾಗಾಗಿ ಜಾಗ್ವಾರ್ ಚಾಲಕರು ಎದುರಾಳಿಗಳಿಗಿಂತ ತಡವಾಗಿ ಬ್ರೇಕ್ ಒತ್ತಬಹುದಿತ್ತು, ಮತ್ತೆ ಮತ್ತೆ ಒತ್ತಬಹುದಿತ್ತು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಸರಾಸರಿ ವೇಗ ಗಂಟೆಗೆ ಸುಮಾರು 170 ಕಿಲೋಮೀಟರ್. ಲ ಮಾನ್‌ನಲ್ಲಿ ಸರಾಸರಿ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು. ಚೆನ್ನಾಗಿ ನಿಲ್ಲಬಲ್ಲ ಕಾರೇ ಬೇಗ ಹೋಗಬಲ್ಲ ಕಾರು ಅಂತ ಅವತ್ತು ಸಾಬೀತಾಯಿತು.

1955: ಒಂದೇ ರಸ್ತೆ, ಬೇರೆ ಬೇರೆ ಬ್ರೇಕು

ಎರಡು ವರ್ಷ ಬಿಟ್ಟು ಅದೇ ಲ ಮಾನ್, ಜೂನ್ 11. ಮೈಕ್ ಹಾಥಾರ್ನ್ ಓಡಿಸುತ್ತಿದ್ದ ಜಾಗ್ವಾರ್ ಡಿ-ಟೈಪ್‌ಗೆ ಡಿಸ್ಕ್ ಬ್ರೇಕ್. ಪಿಯರ್ ಲೆವೆ ಓಡಿಸುತ್ತಿದ್ದ ಮರ್ಸಿಡಿಸ್ 300 ಎಸ್‌ಎಲ್‌ಆರ್‌ಗೆ ಡ್ರಮ್. ಅದರ ಕೊರತೆ ತುಂಬಲು ಚಾಲಕನ ಬೆನ್ನ ಹಿಂದೆ ಗಾಳಿಗೆ ಅಡ್ಡ ಏಳುವ ಒಂದು ದೊಡ್ಡ ತಗಡು ಇಟ್ಟಿದ್ದರು. ಹಾಥಾರ್ನ್ ಪಿಟ್ ಕಡೆ ಹೋಗಲು ಬ್ರೇಕ್ ಒತ್ತಿದರು. ಅವರ ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್‌ರ ಆಸ್ಟಿನ್-ಹೀಲಿ ತಪ್ಪಿಸಿಕೊಳ್ಳಲು ಎಡಕ್ಕೆ ಸರಿಯಿತು. ಹಿಂದಿನಿಂದ ಅತಿ ವೇಗದಲ್ಲಿ ಬಂದ ಲೆವೆಯ ಕಾರು ಅದರ ಮೇಲೇರಿ ಜನರತ್ತ ಹಾರಿತು. ಸತ್ತವರು 80ಕ್ಕೂ ಹೆಚ್ಚು, ಲೆವೆಯೂ ಸೇರಿ.

ಬ್ರೇಕಿನಲ್ಲಿದ್ದ ವ್ಯತ್ಯಾಸದಿಂದಲೇ ಇದೆಲ್ಲ ಆಯಿತು ಅನ್ನುವುದು ಸರಿಯಲ್ಲ. ರಸ್ತೆ ಕಿರಿದಾಗಿತ್ತು, ಪಿಟ್‌ಗೂ ರಸ್ತೆಗೂ ನಡುವೆ ಗೋಡೆ ಇರಲಿಲ್ಲ. ಹಾಥಾರ್ನ್ ತಪ್ಪು, ಮ್ಯಾಕ್ಲಿನ್ ತಪ್ಪು, ಲೆವೆ ತಪ್ಪು ಅಂತ ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಫ್ರಾನ್ಸಿನ ಅಧಿಕೃತ ತನಿಖೆ ಮಾತ್ರ ಯಾವ ಚಾಲಕನನ್ನೂ ಹೊಣೆ ಮಾಡಲಿಲ್ಲ. ಇದನ್ನು ಓದುವಾಗ ನನ್ನ ನಾಲ್ಕು ಸಾಲಿನ ಸುದ್ದಿ ನೆನಪಾಯಿತು. ತನಿಖೆಗೂ ಮೊದಲೇ ನಾನು ‘ಚಾಲಕನ ನಿಯಂತ್ರಣ ತಪ್ಪಿ’ ಅಂತ ತೀರ್ಪು ಕೊಟ್ಟಾಗಿತ್ತು.

ಹಿಂದಿನ ಚಕ್ರದ ಲೆಕ್ಕ

ರೇಸಿನ ಬ್ರೇಕ್ ನಿಧಾನವಾಗಿ ಮಾರಾಟದ ಕಾರಿಗೆ ಇಳಿಯಿತು. 1956ರಲ್ಲಿ ಟ್ರಯಂಫ್ ಟಿಆರ್3ಗೆ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬಂತು. 1957ರ ಜಾಗ್ವಾರ್ ಎಕ್ಸ್‌ಕೆ150ಗೆ ನಾಲ್ಕೂ ಚಕ್ರಕ್ಕೆ. ಆದರೆ 1962ರಿಂದ 1980ರ ತನಕ ತಯಾರಾದ ಎಂಜಿಬಿಯಂಥ ಜನಪ್ರಿಯ ಸ್ಪೋರ್ಟ್ಸ್ ಕಾರಿಗೂ ಕೊನೆಯವರೆಗೆ ಹಿಂದೆ ಡ್ರಮ್ಮೇ ಇತ್ತು. ಜಿಪುಣತನ ಒಂದೇ ಕಾರಣವಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಜೋರು ಬ್ರೇಕ್ ಕೊಟ್ಟರೆ ಅದು ಮೊದಲು ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಗಾಡಿ ನೆಟ್ಟಗೆ ಜಾರುತ್ತದೆ. ಹಿಂದಿನದು ಲಾಕ್ ಆದರೆ ಗಾಡಿ ಬುಗುರಿಯಾಗುತ್ತದೆ.

ಹ್ಯಾಂಡ್‌ಬ್ರೇಕ್ ಇನ್ನೊಂದು ತಲೆನೋವು. ಡ್ರಮ್‌ನಲ್ಲಿ ಅದು ಸುಲಭ. ಡಿಸ್ಕ್ ಬಂದಾಗ ಜಾಗ್ವಾರ್ ಹಿಂದಿನ ಡಿಸ್ಕಿಗೆ ಹ್ಯಾಂಡ್‌ಬ್ರೇಕಿಗೆಂದೇ ಬೇರೆ ಪುಟ್ಟ ಕ್ಯಾಲಿಪರ್ ಕೂರಿಸಿತು. ಅದರ ಹಿಡಿತದ ಬಗ್ಗೆ ಮಾಲೀಕರ ದೂರು ತಪ್ಪಲಿಲ್ಲ. 1961ರ ಇ-ಟೈಪ್‌ನಲ್ಲಂತೂ ಹಿಂದಿನ ಡಿಸ್ಕುಗಳು ಚಕ್ರದ ಬಳಿ ಇಲ್ಲ, ಗಾಡಿಯ ನಡುವೆ ಡಿಫರೆನ್ಷಿಯಲ್ ಪಕ್ಕದಲ್ಲಿವೆ. ಚಕ್ರದ ತೂಕ ಇಳಿದು ಓಟ ನಯವಾಯಿತು. ಆದರೆ ಗಾಳಿ ಆಡದ ಜಾಗ, ಶಾಖ ಜಾಸ್ತಿ, ಮೆಕ್ಯಾನಿಕ್ ಕೈ ತೂರಿಸಲು ಎಡೆ ಇಲ್ಲ. ಪೋರ್ಷೆ 911 ಮಾತ್ರ 1964ರಿಂದಲೇ ನಾಲ್ಕೂ ಡಿಸ್ಕ್ ಇಟ್ಟುಕೊಂಡು ಬಂತು. 1978ರಲ್ಲಿ ಅದರ ಟರ್ಬೊ ಮಾದರಿಗೆ 917 ರೇಸ್ ಕಾರಿನ ಬ್ರೇಕಿನಿಂದ ರೂಪಿಸಿದ ದೊಡ್ಡ ಕ್ಯಾಲಿಪರ್ ಬಂತು. ಹಳೇ 911 ಇದ್ದವರಿಗೆ ಆ ಕ್ಯಾಲಿಪರ್ ತಮ್ಮ ಗಾಡಿಗೂ ಬೇಕು ಅನಿಸಿತು. ಬ್ರೇಕ್ ಅಪ್‌ಗ್ರೇಡ್ ಅನ್ನುವ ಹವ್ಯಾಸ ಬೆಳೆದಿದ್ದು ಹೀಗೆ.

ಅಪ್‌ಗ್ರೇಡ್ ಮಾಡುವವರು ಮರೆಯುವುದು ಸಣ್ಣ ಲೆಕ್ಕವನ್ನು. ಹಿಂದಿನ ಕ್ಯಾಲಿಪರಿನ ಪಿಸ್ಟನ್ 34 ಮಿಲಿಮೀಟರಿನಿಂದ 38ಕ್ಕೆ ಏರಿತು ಅನ್ನೋಣ. ನಾಲ್ಕೇ ಮಿಲಿಮೀಟರ್. ಆದರೆ ವಿಸ್ತೀರ್ಣ ಸುಮಾರು ಶೇ. 25 ಹೆಚ್ಚಾಯಿತು. ಅಂದರೆ ಅದೇ ಪೆಡಲ್ ಒತ್ತಡಕ್ಕೆ ಹಿಂದಿನ ಚಕ್ರವನ್ನು ಹಿಡಿಯುವ ಬಲ ಕಾಲು ಭಾಗ ಹೆಚ್ಚು. ಕಂಪನಿ ಕೂತು ಲೆಕ್ಕ ಹಾಕಿದ್ದ ಮುಂದು-ಹಿಂದಿನ ಸಮತೋಲ ಹೋಯಿತು. ಪಿಸ್ಟನ್ನಿನ ಹಿಂದೆ ತುಂಬಲು ದ್ರವವೂ ಅಷ್ಟೇ ಹೆಚ್ಚು ಬೇಕು, ಹಾಗಾಗಿ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಮುಂದಿನ ಬ್ರೇಕನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು, ಇಲ್ಲವೇ ಹಿಂದಕ್ಕೆ ಹೋಗುವ ಒತ್ತಡ ತಗ್ಗಿಸುವ ವಾಲ್ವ್ ಹಾಕಬೇಕು. ನೋಡಲು ಚೆಂದದ ಕೆಂಪು ಕ್ಯಾಲಿಪರ್ ಒಂದನ್ನೇ ಹಾಕಿಸಿದರೆ ಒದ್ದೆ ರಸ್ತೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಗಾಳಿ ತೆಗೆಯೋದು

ಕ್ಯಾಲಿಪರ್ ಬದಲಿಸಿದ ಮೇಲೆ ಪೈಪಿನೊಳಗೆ ಗಾಳಿ ಸೇರಿರುತ್ತದೆ. ಅದನ್ನು ಹೊರಗೆ ಹಾಕುವುದಕ್ಕೆ ಬ್ಲೀಡ್ ಮಾಡೋದು ಅನ್ನುತ್ತಾರೆ. ನಮ್ಮ ಗ್ಯಾರೇಜಿನವರ ಮಾತಿನಲ್ಲಿ ‘ಏರ್ ತೆಗೆಯೋದು’. ಹೈಡ್ರಾಲಿಕ್ ಬ್ರೇಕ್ ಬಂದು ನೂರು ವರ್ಷ ದಾಟಿದರೂ ಈ ಕೆಲಸ ಹೆಚ್ಚು ಬದಲಾಗಿಲ್ಲ. ಇಬ್ಬರು ಬೇಕು. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ನಿಪ್ಪಲ್ ಸಡಿಲಿಸಬೇಕು, ದ್ರವದ ಜೊತೆ ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿಯನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು. ಕೆಲವು ಗಾಡಿಗಳಿಗೆ ಕ್ರಮ ಬೇರೆ, ಅದರ ಕೈಪಿಡಿ ನೋಡಬೇಕು. ಮೇಲಿನ ಡಬ್ಬಿಯಲ್ಲಿ ದ್ರವ ಖಾಲಿಯಾಗಲು ಬಿಟ್ಟರೆ ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿನಿಂದ.

ಹಿಂದಿನ ಕ್ಯಾಲಿಪರಿನಲ್ಲಿ ಎರಡು ಗುಂಡಿಗಳಿವೆ, ಹೊಸಬರು ಅಲ್ಲೇ ಬೀಳುವುದು. ಒಂದು, ಹ್ಯಾಂಡ್‌ಬ್ರೇಕ್ ಒಳಗೇ ಇರುವ ಎಷ್ಟೋ ಕ್ಯಾಲಿಪರುಗಳಲ್ಲಿ ಪಿಸ್ಟನ್ ಸ್ಕ್ರೂ ಮೇಲೆ ಕೂತಿರುತ್ತದೆ. ಅದನ್ನು ತಿರುಗಿಸಿ ಒಳಗೆ ಕಳಿಸಬೇಕು. ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಭಾಗ ಹಾಳು. ಎರಡು, ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸುವುದು. ಎಷ್ಟೋ ಸಲ ಬೋಲ್ಟ್ ಸರಿಯಾಗಿಯೇ ಕೂರುತ್ತದೆ, ಅನುಮಾನ ಬರುವುದಿಲ್ಲ. ಆದರೆ ನಿಪ್ಪಲ್ ಮೇಲಿರಬೇಕಾದದ್ದು ಕೆಳಗೆ ಬಂದಿರುತ್ತದೆ. ಗಾಳಿ ಯಾವತ್ತೂ ಮೇಲೆಯೇ ನಿಲ್ಲುತ್ತದೆ. ದಿನವಿಡೀ ಏರ್ ತೆಗೆದರೂ ಬರೀ ದ್ರವ ಬರುತ್ತದೆ, ಪೆಡಲ್ ಸ್ಪಂಜಾಗಿಯೇ ಉಳಿಯುತ್ತದೆ. ಈ ಮಾತು ಹೇಳಿದಾಗ ನಮ್ಮ ಮೇಸ್ತ್ರಿ ನಕ್ಕರು. “ಒಂದು ಜೀಪಿಗೆ ನಾನೇ ಹಾಗೆ ಮಾಡಿದ್ದೆ. ಎರಡು ಬಾಟ್ಲಿ ಆಯಿಲ್ ಸುರ್ದೆ.”

ಆಯಿಲ್ ಅನ್ನುವುದು ರೂಢಿಯ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವ ಬ್ರೇಕ್ ದ್ರವ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯದು. ನಿಜವಾದ ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಈ ದ್ರವದ ಗುಣ ಏನೆಂದರೆ, ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ನಿಯಮವೇ 155ಕ್ಕೆ ಇಳಿಯುತ್ತದೆ. ಡಾಟ್ 3 ದರ್ಜೆಗೆ ಇದು 205 ಮತ್ತು 140.

ಕುದಿದರೆ ಆವಿ. ಆವಿ ಗಾಳಿಯಂತೆಯೇ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ. ಗಾಡಿ ನಿಂತು ಆರಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಪರೀಕ್ಷೆಗೆ ಬಂದವರು ಒತ್ತಿ ನೋಡಿದರೆ ಬ್ರೇಕ್ ಸರಿ ಇದೆ! ರೇಸಿನವರು ಇದನ್ನು ಸ್ವಂತ ಮೈಮೇಲೆ ಕಲಿತವರು. ಅದಕ್ಕೇ ಅವರು ದ್ರವವನ್ನು ಮತ್ತೆ ಮತ್ತೆ ಬದಲಿಸುತ್ತಾರೆ. ನಮ್ಮಲ್ಲಿ ಎಂಜಿನ್ ಆಯಿಲ್ ಬದಲಿಸಿದ ತಾರೀಖು ಡ್ಯಾಶ್‌ಬೋರ್ಡಿನ ಮೇಲೆ ಚೀಟಿ ಅಂಟಿಸಿ ಇಡುತ್ತಾರೆ. ಬ್ರೇಕ್ ಆಯಿಲ್ ತಾರೀಖು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಐದನೇ ಸಾಲು

ಇಷ್ಟು ಓದಿಕೊಂಡು ನಾನು ಆ ಚಾಲಕನ ಮನೆಗೆ ಹೋದೆ. ಕೈಗೆ ಪಟ್ಟಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ. ಲೋಡ್ ಎಷ್ಟಿತ್ತು, ಯಾವ ಗೇರಿನಲ್ಲಿ ಇಳಿದೆ, ವಾಸನೆ ಬಂತಾ ಅಂತ ಕೇಳಿದೆ. ಮೂರನೇ ಗೇರಿನಲ್ಲಿ ಇಳಿದಿದ್ದ, ಹತ್ತುವ ಗೇರಿನಲ್ಲೇ ಇಳಿಯಬೇಕಿತ್ತು ಅಂತ ಅವನೇ ಒಪ್ಪಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಸರ್, ಪೆಡ್ಲು ಹೇಗೆ ಹೋಯ್ತು ಅಂತ ಕೇಳಿದವರು ನೀವೇ ಮೊದಲು.”

ಮಾಲೀಕನಿಗೆ ಫೋನ್ ಮಾಡಿ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿದೆ. “ಅದೆಲ್ಲ ಬದಲಿಸೋದಾ?” ಅಂದ. ಇದರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಕಪ್ಪು ದ್ರವ ಆಗಲೇ ಗ್ಯಾರೇಜಿನ ಮಣ್ಣು ಸೇರಿತ್ತು. ಫಾಲೋಅಪ್ ಬರೆದು ಕಳಿಸಿದೆ, ಜಾಗ ಸಿಗಲಿಲ್ಲ. ಅದೇ ಇಲ್ಲಿ ಉದ್ದವಾಗಿ ಬರೆದಿದ್ದೇನೆ.

ನಮ್ಮ ಬ್ಯಾಚಿನ ಗೆಳೆಯರಿಗೆ ಒಂದೇ ಮಾತು. ಮುಂದಿನ ಸಲ ‘ಬ್ರೇಕ್ ಫೇಲ್’ ಅಂತ ಟೈಪ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಪೆಡಲ್ ಗಟ್ಟಿ ಇತ್ತಾ, ಸ್ಪಂಜಾಗಿತ್ತಾ? ಆರಿದ ಮೇಲೆ ಬ್ರೇಕ್ ವಾಪಸ್ ಬಂತಾ? ದ್ರವ ಕೊನೆಯ ಸಲ ಬದಲಿಸಿದ್ದು ಯಾವಾಗ? ಉತ್ತರ ಸಿಕ್ಕರೆ ಐದನೇ ಸಾಲಾಗಿ ಸೇರಿಸಿ. ಸಿಗದಿದ್ದರೆ ‘ಚಾಲಕನ ನಿಯಂತ್ರಣ ತಪ್ಪಿ’ ಅನ್ನುವುದನ್ನಾದರೂ ಅಳಿಸಿ.

ಮೊನ್ನೆ ಮತ್ತೆ ಗ್ಯಾರೇಜಿಗೆ ಹೋಗಿದ್ದೆ. ಹುಡುಗ ರಜೆ ಹಾಕಿದ್ದ. ಮೇಸ್ತ್ರಿ ನನ್ನನ್ನೇ ಒಂದು ವ್ಯಾನಿನ ಸೀಟಿನಲ್ಲಿ ಕೂರಿಸಿದರು. “ಒತ್ತು. ಹಿಡಿ. ಈಗ ಬಿಡು. ಮತ್ತೆ ಒತ್ತು.” ಹತ್ತು ಹನ್ನೆರಡು ಸಲ ಆಗುವ ಹೊತ್ತಿಗೆ ಪಾದದ ಕೆಳಗೆ ಮೆತ್ತಗಿದ್ದ ಪೆಡಲ್ ಕಲ್ಲಿನಂತೆ ನಿಂತಿತು.

“ಗೊತ್ತಾಯ್ತಾ?” ಕೆಳಗಿನಿಂದ ಕೂಗಿದರು.

“ಗೊತ್ತಾಯ್ತು ಅಣ್ಣ,” ಅಂದೆ.